ಜಾವಾ ಕೈಬಿಡದ ಗಂಗಕ್ಕ

ಬೈಲಹೊಂಗಲದ ಕಾಲೇಜಿನಲ್ಲಿ ಜಾವಾ ಎಂಬ ಕಂಪ್ಯೂಟರ್ ಭಾಷೆ ಕಲಿಸುವ ನನಗೆ ಹಳೆಯದನ್ನು ಬಿಸಾಡುವುದು ಮಾತ್ರ ಬರುವುದಿಲ್ಲ. ಮನೆಯಲ್ಲಿ ಮುಚ್ಚಳವಿಲ್ಲದ ಡಬ್ಬಿಗಳೂ ಇವೆ, ಡಬ್ಬಿಯಿಲ್ಲದ ಮುಚ್ಚಳಗಳೂ ಇವೆ. ಈ ಗುಣ ನಾನು ಬರೆದ ಪ್ರೋಗ್ರಾಮಿಗೂ ಅಂಟೀತೆಂದು ಎಣಿಸಿರಲಿಲ್ಲ.

ನಮ್ಮ ಓಣಿಗೆ ನಲ್ಲಿ ನೀರು ಬರುವುದು ಯಾವಾಗಲೋ ಒಮ್ಮೆ, ಅದೂ ಹೇಳದೆ ಕೇಳದೆ. ಅದಕ್ಕೆಂದು ಒಂದು ಆ್ಯಪ್ ಮಾಡಿದೆ. ನೀರನ್ನು ಮೊದಲು ಕಂಡವರು ಗುಂಡಿ ಒತ್ತಿದರೆ ಓಣಿಯವರ ಮೊಬೈಲುಗಳೆಲ್ಲ ಗಂಟೆ ಹೊಡೆಯಬೇಕು. ನಮ್ಮ ಮನೆಯ ಹಳೇ ಕಂಪ್ಯೂಟರೇ ಅದರ ಸರ್ವರ್. ಕೆಲವು ವಾರ ನಾನು ಓಣಿಯಲ್ಲಿ ತಲೆಯೆತ್ತಿ ನಡೆದೆ. ಆಮೇಲೆ ಕಂಪ್ಯೂಟರ್ ತೂಕಡಿಸತೊಡಗಿತು. ಒಂದು ದಿನ ಪೂರ್ತಿ ಮಲಗಿಯೇಬಿಟ್ಟಿತು. ಗುಂಡಿ ಒತ್ತಿದ ಮನೆಯವರನ್ನು ಬಿಟ್ಟು ಇನ್ನಾರಿಗೂ ನೀರು ಬಂದು ಹೋದದ್ದೇ ತಿಳಿಯಲಿಲ್ಲ.

ಎದುರುಮನೆಯ ಬಸವರಾಜಣ್ಣ ಖಾಲಿ ಕೊಡ ಹಿಡಿದೇ ಬಂದರು.

“ಮೇಡಮ್ಮಾರ, ನಿಮ್ಮ ಗಂಟಿ ನಂಬಿ ಕುಂತಿದ್ವಿ. ಮನ್ಯಾಗ ಬೀಗರು ಬಂದಾರ್ರಿ, ಕೈ ತೊಳಿಯಾಕ ನೀರಿಲ್ಲ!”

ನಮ್ಮಲ್ಲಿದ್ದ ನೀರನ್ನು ಅವರ ಕೊಡಕ್ಕೆ ಸುರಿದು, ಕೋಡ್ ಮುಂದೆ ಕುಳಿತೆ.

ಜಾವಾದಲ್ಲಿ ಮೆಮರಿಯ ಕಸ ಗುಡಿಸುವ ಏರ್ಪಾಡು ತಾನಾಗಿಯೇ ಇದೆ. ಆದರೆ ಅದು ಬಹಳ ಮರ್ಯಾದಸ್ತ. ಪ್ರೋಗ್ರಾಮಿನ ಯಾವ ಮೂಲೆಯಾದರೂ ಹಿಡಿದುಕೊಂಡಿರುವ ಆಬ್ಜೆಕ್ಟನ್ನು, ಅಂದರೆ ಮಾಹಿತಿಯ ಗಂಟನ್ನು, ಮುಟ್ಟುವುದಿಲ್ಲ. ಒಬ್ಬರು ಆ್ಯಪ್ ತೆರೆದಾಗಲೆಲ್ಲ ಅವರ ಹೆಸರಿನಲ್ಲಿ ಹೊಸದೊಂದು ಆಬ್ಜೆಕ್ಟ್ ಗಂಟೆ ಕೇಳಬೇಕಾದವರ ಪಟ್ಟಿಗೆ ಸೇರುತ್ತಿತ್ತು, ಮುಚ್ಚಿದಾಗ ಹೊರಬೀಳುತ್ತಿರಲಿಲ್ಲ. ಪಟ್ಟಿ ಹಿಡಿದುಕೊಂಡಿದೆಯಲ್ಲ ಎಂದು ಪೊರಕೆ ಪಕ್ಕಕ್ಕೆ ಸರಿದು ಹೋಗುತ್ತಿತ್ತು. ಮೆಮರಿ ತುಂಬಿ ಯಂತ್ರಕ್ಕೆ ಉಸಿರುಗಟ್ಟಿತ್ತು. ವರ್ಷವರ್ಷ ಮಕ್ಕಳಿಗೆ ನಾನೇ ಹೇಳುವ ಪಾಠ! ಒಬ್ಬರಿಗೆ ಒಂದೇ ಎಂದು ಮಾಡಿ, ಉಳಿದವನ್ನೆಲ್ಲ ಪಟ್ಟಿಯಿಂದ ಬಿಡಿಸಿದೆ. ಅದೇ ಹುರುಪಿನಲ್ಲಿ ಓಣಿ ಬಿಟ್ಟು ಹೋದವರನ್ನೂ ತೆಗೆದೆ.

ಮುಂದಿನ ಸಲ ಗಂಟೆ ಸರಿಯಾಗಿ ಹೊಡೆಯಿತು. ಆದರೆ ಸಂಜೆ ರಾಮದುರ್ಗದಿಂದ ಫೋನ್ ಬಂತು. ಪಕ್ಕದ ಮನೆಯಲ್ಲಿದ್ದು, ಈಗ ಮಗಳ ಊರಿನಲ್ಲಿ ನೆಲೆಸಿರುವ ಗಂಗಕ್ಕ.

“ಸುಜಾತಾ, ಓಣ್ಯಾಗ ನೀರು ಬಿಟ್ಟಿಲ್ಲೇನ? ಗಂಟಿ ಹೊಡೀಲೇ ಇಲ್ಲ.”

“ಅಲ್ಲಿ ಕುಂತು ನಮ್ಮ ಗಂಟಿ ಕೇಳಿ ಏನ್ ಮಾಡ್ತೀರಿ ಅಕ್ಕಾ?”

“ಗಂಟಿ ಹೊಡೀತಂದ್ರ ಯಾರು ಮೊದ್ಲ ಓಡ್ತಾರ, ಯಾರು ಜಗಳಾ ತಗೀತಾರ, ಎಲ್ಲಾ ಕಣ್ಣಿಗೆ ಕಟ್ಟತೈತಿ. ಕೊಡಾ ಎತ್ತೂದು ತಪ್ಪೇತಿ, ಗಮ್ಮತ್ತು ಯಾಕ ತಪ್ಪಬೇಕು?”

ಮರೆತು ಹಿಡಿದುಕೊಂಡದ್ದನ್ನು ನಮ್ಮ ಪಾಠದಲ್ಲಿ ಮೆಮರಿ ಸೋರಿಕೆ ಎನ್ನುತ್ತೇವೆ. ಬೇಕೆಂದೇ ಹಿಡಿದುಕೊಂಡರೆ ಏನೆನ್ನುವುದು? ಗಂಗಕ್ಕನನ್ನು ಮತ್ತೆ ಸೇರಿಸಿದೆ.

ಮತ್ತೊಮ್ಮೆ ನೀರು ಬಂದ ದಿನ ಮೋಟರ್ ಹಾಕಿ, ಉತ್ತರಪತ್ರಿಕೆ ತಿದ್ದುತ್ತ ಕುಳಿತಿದ್ದೆ. ಗಂಗಕ್ಕನ ಫೋನ್.

“ಗಂಟಿ ಹೊಡದು ತಾಸಾತು. ನಿನ್ನ ಟಾಕಿ ತುಂಬಿ ಅಂಗಳಕ್ಕ ಹರಿಯಾಕ ಹತ್ತಿರಬೇಕು. ಎದ್ದು ಮೋಟರ್ ಆಫ್ ಮಾಡು!”

ಓಡಿಹೋಗಿ ನೋಡಿದೆ. ಹರಿಯುತ್ತಿತ್ತು.