ಅಕ್ಕ ಹತ್ತಿರದ ಸಂಬಂಧಿಯಲ್ಲ

ಅಕ್ಕ ಸತ್ತ ಮರುದಿನ ನನಗೆ ತಿಳಿದ ಹೊಸ ಸಂಗತಿ, ಅವಳು ನನಗೆ ಹತ್ತಿರದ ಸಂಬಂಧಿಯಲ್ಲ ಎಂಬುದು. ಒಂದೇ ಹೊದಿಕೆಯಲ್ಲಿ ಮಲಗಿ ಬೆಳೆದದ್ದರಿಂದ ಅದುವರೆಗೆ ತಪ್ಪು ತಿಳಿದುಕೊಂಡಿದ್ದೆ.

ನಾನು ಗೊರಗುಂಟೆಪಾಳ್ಯದ ಹತ್ತಿರ ಒಂದು ಕಂಪನಿಯಲ್ಲಿ ಬಿಲ್ಲಿಂಗ್ ಕೆಲಸ ಮಾಡುತ್ತೇನೆ. ಅಕ್ಕನನ್ನು ಮಣ್ಣು ಮಾಡಿದ ದಿನಕ್ಕೆ ನನ್ನ ಕೊನೆಯ ಸಾಮಾನ್ಯ ರಜೆ ಮುಗಿದಿತ್ತು. ಮೂರನೆಯ ದಿನ ಸಮಾಧಿಗೆ ಹಾಲು-ತುಪ್ಪ ಬಿಡುವುದು ನಮ್ಮ ಕಡೆಯ ಪದ್ಧತಿ. ಆ ಒಂದು ದಿನಕ್ಕಾಗಿ ಮ್ಯಾನೇಜರಿಗೆ ಫೋನ್ ಮಾಡಿದೆ.

"ಸ್ವಂತ ಅಕ್ಕನಾ ಮೇಡಂ?"

"ಹೌದು ಸರ್."

"ಛೆ ಛೆ. ಆದ್ರೆ ಪಾಲಿಸಿನಲ್ಲಿ ಅಪ್ಪ, ಅಮ್ಮ, ಹಸ್ಬೆಂಡ್, ಮಕ್ಳು ಅಷ್ಟೇ ಇರೋದು. ಅಕ್ಕ ಬರಲ್ಲ. ಸಾವಿಗೆ ರಜ ಕೊಡಿ ಅಂತ ಸರ್ಕಾರದ ಕಾನೂನೇ ಇಲ್ವಲ್ಲ ಮೇಡಂ, ಇಷ್ಟೂ ನಾವಾಗೇ ಕೊಡ್ತಿರೋದು."

ಬೇರೆ ನೆಪ ಹೇಳಬಹುದೆಂದು ಆಗ ಹೊಳೆಯಲಿಲ್ಲ. ಅಕ್ಕ ಎಂದರೆ ಸಾಕು ಎಂದುಕೊಂಡಿದ್ದೆ.

ಕಂಪನಿಯೊಂದೇ ಹಾಗೆಂದಿದ್ದರೆ ಸಿಟ್ಟಾದರೂ ಬರುತ್ತಿತ್ತು. ಬಾಗಲೂರಿನ ಅಕ್ಕನ ಮನೆಯಲ್ಲಿ ಹಿರಿಯರೊಬ್ಬರು ಅದಕ್ಕೂ ಮೊದಲೇ ತೀರ್ಪು ಕೊಟ್ಟಿದ್ದರು. "ನೀನೊಂದ್ ಮನೇಗ್ ಓದೋಳು, ಅವ್ಳೊಂದ್ ಮನೇಗ್ ಬಂದೋಳು. ನಿಂಗೆ ಸೂತಕ ಇಲ್ಲ ಕಣಮ್ಮ. ತಲೆ ಮೇಲೆ ನೀರ್ ಉಯ್ಕೊಂಡ್ರೆ ಮುಗೀತು." ಶಾಸ್ತ್ರವೂ ಮ್ಯಾನೇಜ್‌ಮೆಂಟೂ ಒಂದೇ ಮಾತು ಹೇಳುವುದು ಅಪರೂಪ. ನಾನು ತಲೆಗೆ ಸ್ನಾನ ಮಾಡಿ, ಹಾಲು-ತುಪ್ಪದ ದಿನ ಬಿಲ್ಲು ಹಾಕಲು ಹೋದೆ.

ಈ ವಿಷಯ ಗಂಗಾನಗರದ ನಮ್ಮ ಮನೆ ಮಾಲೀಕರ ಕಿವಿಗೆ ಬಿತ್ತು. ಮಹಡಿಯಲ್ಲಿರುವ ಅವರು ನಿವೃತ್ತ ಗುಮಾಸ್ತರು. ಬೇರೆಯವರು ವಾಕಿಂಗ್ ಹೋಗುವ ಹಾಗೆ ಅವರು ಸರ್ಕಾರಕ್ಕೆ ಮನವಿ ಬರೆಯುತ್ತಾರೆ. ಬೀದಿನಾಯಿಗಳ ಬಗ್ಗೆ ಬರೆದಿದ್ದಾರೆ, ಹೆಬ್ಬಾಳದ ಸಿಗ್ನಲ್ಲಿನ ಬಗ್ಗೆ ಬರೆದಿದ್ದಾರೆ. ನಾಯಿಗಳೂ ಸಿಗ್ನಲ್ಲೂ ಕ್ಷೇಮವಾಗಿವೆ.

"ಅಮ್ಮಾ, ಇದು ನಿಮ್ಮೊಬ್ಬರ ನೋವಲ್ಲ, ಸಾರ್ವಜನಿಕ ಸಮಸ್ಯೆ," ಎಂದರು. "ಸಾವಿನ ರಜೆಗೆ ಒಂದು ಕಾನೂನೇ ಮಾಡಿ ಅಂತ ಕೇಳೋಣ. ಮೊದಲ್ನೇ ಸಹಿ ನಿಮ್ಮದೇ."

ನೋವು ನನ್ನೊಬ್ಬಳದಲ್ಲ ಎಂದು ಕೇಳಿ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಆದರೂ ಒಪ್ಪಿದೆ. ನನಗಿದ್ದದ್ದು ಒಂದೇ ಆಸೆ. ಅಪ್ಪ ಅಮ್ಮ ಎಂದು ಬರೆದ ಸಾಲಿನಲ್ಲಿ 'ಅಕ್ಕ' ಎಂಬ ಪದವೂ ಇರಬೇಕು. ಸರ್ಕಾರ ಕೊಡುತ್ತದೋ ಇಲ್ಲವೋ, ಅವಳು ನನಗೆ ಏನಾಗಬೇಕಿತ್ತು ಎಂದು ಒಂದು ಕಡೆ ಬರೆದಿರಬೇಕು.

ಭಾನುವಾರ ಪಾರ್ಕಿನಲ್ಲಿ ಸಭೆ ಸೇರಿತು. ಯಾರು ಸತ್ತರೆ ರಜೆ ಕೇಳಬೇಕು ಎಂಬ ಚರ್ಚೆ ಮದುವೆ ಮನೆಯ ಊಟದ ಪಟ್ಟಿಯಷ್ಟು ಉತ್ಸಾಹದಿಂದ ನಡೆಯಿತು.

"ಅತ್ತೇನ ಸೇರಿಸ್ಬೇಡಿ ಸರ್," ಎಂದರು ಪಕ್ಕದ ಮನೆಯ ಟೀಚರ್. "ಮೂರ್ ದಿನ ರಜ ಕೊಟ್ರೆ ಮೂರ್ ದಿನಾನೂ ಅಳ್ಬೇಕಾಗುತ್ತೆ."

"ನಂಗ್ ಯಾರ್ ಸತ್ರೂ ನಾನೇ ರಜ ಕೊಟ್ಕೋಬೇಕು ಗುರು," ಎಂದ ಆಟೋ ಓಡಿಸುವವನು. "ಆದ್ರೂ ಸೈನ್ ಹಾಕ್ತೀನಿ. ಎಲ್ಲಿ ಪೆನ್ನು?"

ಆಮೇಲೆ ನಮ್ಮ ಬೀದಿಯ ಬಿಲ್ಡರ್ ಗಂಟಲು ಸರಿಮಾಡಿಕೊಂಡರು. ಅವರ ತಾತ ರಾಗಿ ಬೆಳೆಯುತ್ತಿದ್ದ ಹೊಲದ ಮೇಲೆ ಈಗ ನಾವೆಲ್ಲ ಬಾಡಿಗೆಗಿದ್ದೇವೆ. ಶಾಸಕರ ಮನೆಯೊಳಗೆ ಚಪ್ಪಲಿ ಹಾಕಿಕೊಂಡೇ ಹೋಗಬಲ್ಲವರು ಅವರೊಬ್ಬರೇ.

"ಅಣ್ಣ ತಮ್ಮ ಅಕ್ಕ ತಂಗಿ ಎಲ್ಲಾ ಹಾಕಿದ್ರೆ ಕೆಲ್ಸ ನಡೆಯುತ್ತೇನ್ರೀ? ಈಗ್ಲೇ ನನ್ ಮೇಸ್ತ್ರಿಗೆ ವರ್ಷಕ್ ನಾಲ್ಕ್ ಜನ ಅಜ್ಜೀರು ಸಾಯ್ತಾರೆ. ಕಾನೂನ್ ಬಂದ್ರೆ ಆ ಮುದುಕೀರ್‌ನ ಉಳ್ಸೋರ್ ಯಾರು?"

ಎಲ್ಲರೂ ನಕ್ಕರು. ನಾನೂ ನಕ್ಕೆ. ಅಕ್ಕ ಇದ್ದಿದ್ದರೆ ನನಗಿಂತ ಜೋರಾಗಿ ನಗುತ್ತಿದ್ದಳು. ಸಾವಿನ ಮನೆಯಲ್ಲೂ ಅವಳಿಗೆ ನಗು ತಡೆಯಲಾಗುತ್ತಿರಲಿಲ್ಲ. ದೊಡ್ಡಪ್ಪನ ತಿಥಿಯ ದಿನ ಇಬ್ಬರೂ ಬಾಯಿಗೆ ಸೆರಗು ತುರುಕಿಕೊಂಡು ಹಿತ್ತಿಲಿಗೆ ಓಡಿದ್ದೆವು. ಎಷ್ಟು ದುಃಖಪಡುತ್ತಾರೆ ಹುಡುಗಿಯರು ಎಂದು ನೆಂಟರು ಹೊಗಳಿದ್ದರು.

ಮುಂದಿನ ವಾರ ಮಾಲೀಕರು ಅಚ್ಚಾದ ಮನವಿಯನ್ನು ಸಹಿಗೆ ತಂದರು. ಮೊದಲ ಪ್ಯಾರಾದಲ್ಲಿ 'ಒಡಹುಟ್ಟಿದ ಸೋದರಿಯ ಚಿತೆಯ ಬೆಂಕಿ ಆರುವ ಮುನ್ನವೇ ಕೆಲಸಕ್ಕೆ ಮರಳಬೇಕಾದ ಅಬಲೆ'ಯ ಕತೆ ಇತ್ತು. ನಾವು ಹೂಳುವವರು, ಚಿತೆ ಎಲ್ಲಿಂದ ಬಂತೋ. ಕೆಳಗೆ ಬೇಡಿಕೆ: ತಂದೆ, ತಾಯಿ, ಗಂಡ ಅಥವಾ ಹೆಂಡತಿ, ಮಕ್ಕಳು.

"ಅಕ್ಕ ಎಲ್ಲಿ ಸರ್?"

"ಇದ್ದಾರಲ್ಲಮ್ಮ. ಮೊದಲ್ನೇ ಪ್ಯಾರಾ ಪೂರ್ತಿ ಅವರದ್ದೇ."

"ಕೆಳಗಡೆ ಇಲ್ವಲ್ಲ."

ಅವರು ಕನ್ನಡಕ ತೆಗೆದು ಒರೆಸಿದರು. "ಅವರಿದ್ರೆ ಬಿಲ್ಡರ್ ಶಾಸಕರ ಹತ್ರ ಕರ್ಕೊಂಡ್ ಹೋಗಲ್ವಂತೆ. ಮೊದ್ಲು ಇಷ್ಟು ಸಿಗ್ಲಿ. ಅಕ್ಕ ತಂಗೀರನ್ನ ಎರಡನೇ ಹಂತದಲ್ಲಿ ಕೇಳೋಣ, ಮೆಟ್ರೋ ಥರ."

ಓದುವವರ ಕಣ್ಣು ಒದ್ದೆ ಮಾಡಲು ಅಕ್ಕ ಬೇಕು, ರಜೆಗೆ ಬೇಡ. ನಮ್ಮ ಕಂಪನಿಯ ಪಾಲಿಸಿಯೇ ಈಗ ಜನರ ಕೂಗಾಗಿ ಸರ್ಕಾರಕ್ಕೆ ಹೊರಟಿತ್ತು.

"ಹಂಗಾದ್ರೆ ಮೇಲಿಂದ್ಲೂ ತೆಗೆದ್ಬಿಡಿ ಸರ್."

"ಕತೆ ಇಲ್ದಿದ್ರೆ ಮನವಿ ಯಾರಮ್ಮ ಓದ್ತಾರೆ?"

"ಕೆಳಗಡೆ ಸೇರ್ಸಿ, ಇಲ್ಲಾ ಮೇಲ್ಗಡೆ ತೆಗೀರಿ."

ಅವರು ತೆಗೆದರು. ಅಕ್ಕನ ಜಾಗಕ್ಕೆ ಯಾರದೋ ತಂದೆ ಬಂದರು. ಚಿತೆಯನ್ನು ಮಾತ್ರ ಉಳಿಸಿಕೊಂಡರು. ನಾನು ಸಹಿ ಹಾಕಲಿಲ್ಲ, ಮೊದಲ ಸಹಿ ಬಿಲ್ಡರದ್ದಾಯಿತು. ಶಾಸಕರು ಮನವಿ ಸ್ವೀಕರಿಸುವ ಫೋಟೋ ಬೀದಿಯ ವಾಟ್ಸಾಪ್ ಗ್ರೂಪಿಗೆ ಬಂತು. ಸಾವಿನ ವಿಷಯವಾದರೂ ಎಲ್ಲರೂ ಚೆನ್ನಾಗಿ ನಗುತ್ತಿದ್ದರು. ಬೇಡಿಕೆ ಪರಿಶೀಲನೆಯಲ್ಲಿದೆಯಂತೆ.

ಆ ಫೋಟೋ ಬಂದ ಮರುದಿನ ನಾನು ಕಂಪನಿಗೆ ಜ್ವರ ಎಂದು ಬರೆದೆ. ಜ್ವರ ನಿಮಗೆ ಏನಾಗಬೇಕು, ಅದಕ್ಕೆ ಮದುವೆಯಾಗಿತ್ತೇ ಎಂದು ಯಾರೂ ಕೇಳಲಿಲ್ಲ. ಕೂಡಲೇ ಮಂಜೂರಾಯಿತು. ಬಾಗಲೂರಿನ ಬಸ್ಸು ಹತ್ತಿದೆ.

ಅಕ್ಕನನ್ನು ಹೂಳಿರುವುದು ಅವರ ಹೊಲದ ಅಂಚಿನಲ್ಲಿ. ಮಳೆಗೆ ಮಣ್ಣು ಕುಸಿದು, ಅವಳ ಉದ್ದಕ್ಕೆ ಒಂದು ತಗ್ಗು ಬಿದ್ದಿತ್ತು. ಭಾವ ಗುದ್ದಲಿ ತಂದು ಮಣ್ಣು ಅಗೆದುಕೊಟ್ಟರು. ನಾನು ಬಾಂಡಲಿಯಲ್ಲಿ ಹೊತ್ತು ತಂದು ಸುರಿದೆ. ಯಾವ ಕಾರ್ಯವೂ ಇಲ್ಲದ ದಿನ ಯಾಕೆ ಬಂದೆ ಎಂದು ಅವರು ಕೇಳಲಿಲ್ಲ.

ಮಾರನೆಯ ದಿನ ಆಫೀಸಿನಲ್ಲಿ ಮ್ಯಾನೇಜರ್ ತಾವಾಗಿಯೇ ನನ್ನ ಮೇಜಿನ ಹತ್ತಿರ ಬಂದರು.

"ಜ್ವರ ಬಿಡ್ತಾ ಮೇಡಂ?"

"ಇಲ್ಲ ಸರ್."

"ಅಯ್ಯೋ, ಮತ್ಯಾಕ್ ಬರೋಕ್ ಹೋದ್ರಿ? ಕಣ್ಣೆಲ್ಲ ಊದ್ಕೊಂಡಿದೆ. ಇನ್ನೆರಡ್ ದಿನ ತಗೊಳ್ಳಿ, ರೆಸ್ಟ್ ಮಾಡಿ."

ಅವರ ಮುಖದಲ್ಲಿ ನಿಜವಾಗಿಯೂ ಮರುಕವಿತ್ತು. ಎರಡು ದಿನವೂ ತೆಗೆದುಕೊಂಡೆ.