ಪ್ಲಾಸ್ಟಿಕ್ ಹುಲ್ಲಿನ ಬೇಸಿಗೆ

ನಾಸಿಕ್‌ನಲ್ಲಿ ನಾವಿರುವ ಕಾಲನಿಯ ನಡುವೆ ಒಂದು ತೋಟವಿದೆ. ಹನ್ನೊಂದು ವರ್ಷಗಳಿಂದ ಅದನ್ನು ನೋಡಿಕೊಳ್ಳುವ ಜವಾಬ್ದಾರಿ ನನ್ನದು. ನಾನೇನೂ ಬೇಡಿ ಪಡೆದದ್ದಲ್ಲ. ಬಂದ ಹೊಸದರಲ್ಲಿ ಸೊಸೈಟಿಯ ಸಭೆಯಲ್ಲಿ ಎದ್ದು ನಿಂತು, ತೋಟದ ನಲ್ಲಿ ಸೋರುತ್ತಿದೆ ಎಂದೆ. ಹಾಗಾದರೆ ತೋಟ ನೀವೇ ನೋಡಿಕೊಳ್ಳಿ ಎಂದು ಯಾರೋ ಹಿಂದಿನಿಂದ ಮರಾಠಿಯಲ್ಲಿ ಹೇಳಿದರು. ಅದು ತಮಾಷೆಯಲ್ಲ ಎಂದು ನನಗೆ ಅರ್ಥವಾಗುವಷ್ಟರಲ್ಲಿ ಎಲ್ಲರ ಕೈಗಳೂ ಮೇಲಿದ್ದವು.

ನನ್ನ ತವರು ಭಾಲ್ಕಿ. ಮದುವೆಯಾದ ಮೇಲೆ ಯಜಮಾನರ ಬ್ಯಾಂಕ್ ಕೆಲಸದಿಂದಾಗಿ ಸಂಭಾಜಿನಗರದಲ್ಲಿ ಬಹಳ ವರ್ಷ ಎರಡನೇ ಮಹಡಿಯ ಬಾಡಿಗೆ ಮನೆಯಲ್ಲಿದ್ದೆವು. ಅಲ್ಲಿ ಮಣ್ಣು ಅಂತ ನಮಗಿದ್ದದ್ದು ತುಳಸಿ ಕುಂಡದ್ದು ಮಾತ್ರ. ನಾಸಿಕ್‌ಗೆ ವರ್ಗವಾದಾಗ ಈ ಮನೆ ಕೊಂಡದ್ದೇ ತೋಟ ನೋಡಿ.

ಮೊದಲು ಇಲ್ಲಿ ದ್ರಾಕ್ಷಿ ಬೆಳೆಯುತ್ತಿದ್ದರಂತೆ. ಅದರ ಒಡೆಯನಾಗಿದ್ದ ಮುದುಕ ಸುತ್ತ ನಲವತ್ತು ನಿವೇಶನ ಮಾಡಿ ಸಂಬಳದಾರರಿಗೆ ಮಾರಿದ. ನಡುವಿನ ಜಾಗವನ್ನು ನಲವತ್ತೂ ಮನೆಗಳಿಗೆ ಸೇರಿಸಿ ಬಿಟ್ಟ. ಅಲ್ಲಿ ಏನೂ ಕಟ್ಟಬಾರದು, ಗೇಟಿನ ಕೀಲಿಕೈ ಪ್ರತಿ ಮನೆಯಲ್ಲೂ ಇರಬೇಕು, ತಿಂಗಳಿಗೊಂದು ಭಾನುವಾರ ಎಲ್ಲರೂ ಬಂದು ದುಡಿಯಬೇಕು ಎಂದು ಕಟ್ಟಳೆ ಮಾಡಿದ. ಮೊದಮೊದಲು ಗಂಡಸರು ಗುಂಡಿ ತೋಡುತ್ತಿದ್ದರು, ಹೆಂಗಸರು ಅಲ್ಲೇ ಒಲೆ ಹೂಡಿ ಅವಲಕ್ಕಿ ಕಲಸುತ್ತಿದ್ದರು ಎಂದು ಹಳಬರು ಹೇಳುತ್ತಾರೆ. ನಾವು ಬರುವ ಹೊತ್ತಿಗೆ ಕೀಲಿಕೈಗಳು ಉಳಿದಿದ್ದವು, ಭಾನುವಾರಗಳು ಹೋಗಿದ್ದವು.

ಹೋಗದೆ ಉಳಿದದ್ದು ದೂರು. ಬೇವಿನ ಎಲೆ ಕಾರಿನ ಮೇಲೆ ಬೀಳುತ್ತದೆ, ಮರ ಕಡಿಸಿ ಎಂದು ಒಬ್ಬರು ಬರುತ್ತಿದ್ದರು. ಅವರ ಕಾರು ನಿಲ್ಲುತ್ತಿದ್ದದ್ದು ಅದೇ ಬೇವಿನ ನೆರಳಲ್ಲಿ. ಪೂಜೆಗೆ ಹೂವೇ ಸಿಗುವುದಿಲ್ಲ ಎಂದು ದೂರಿದ ಮನೆಯವರು, ಮರುವಾರ, ಯಾರೋ ಹೂವೆಲ್ಲ ಕಿತ್ತುಕೊಂಡು ಹೋಗುತ್ತಾರೆ ಎಂದು ದೂರಿದರು. ಕಿತ್ತವರು ಅವರ ಅತ್ತೆಯೇ. ಹೇಳಿ ಉಪಯೋಗವಿರಲಿಲ್ಲ.

ಇವರೆಲ್ಲರಿಗಿಂತ ನನ್ನ ತಲೆ ತಿಂದವರು ಎದುರು ಮನೆಯ ಸುಭೇದಾರರು. ದೇವಳಾಲಿ ಕ್ಯಾಂಪಿನ ತೋಪಖಾನೆಯಿಂದ ನಿವೃತ್ತರಾದವರು, ಒಬ್ಬರೇ ಇರುತ್ತಾರೆ. ಬೆಳಗ್ಗೆ ಆರಕ್ಕೆ ಬಕೆಟ್ಟಿನಲ್ಲಿ ಸುಣ್ಣ, ಕೆಮ್ಮಣ್ಣು ಹಿಡಿದು ಬಂದು ಪಾತಿಯ ಇಟ್ಟಿಗೆಗಳಿಗೆ ಒಂದು ಬಿಳಿ, ಒಂದು ಕೆಂಪು ಬಳಿಯುತ್ತಿದ್ದರು. ನಡುವೆ ಹುಲ್ಲುಹಾಸು ಬೆಳೆಸಿ, ಯಾರೂ ಕಾಲಿಡದಂತೆ ಸುತ್ತ ಹಗ್ಗ ಕಟ್ಟಿದ್ದರು. ನಾನು ಅಂಚಿಗೆ ಕರಿಬೇವು, ಮಲ್ಲಿಗೆ, ನಿಂಬೆಹುಲ್ಲು ಹಾಕಿದೆ. ನನ್ನ ಕಡೆಯನ್ನು ಅವರು ಭಾಜಿ ಮಂಡಿ, ತರಕಾರಿ ಸಂತೆ, ಎಂದರು. ಅವರದು ಪರೇಡ್ ಮೈದಾನ ಎಂದೆ ನಾನು. ಎದುರುಬದುರು ಬಾಗಿಲಿದ್ದರೂ ಒಬ್ಬರ ಮೇಲೊಬ್ಬರು ಅಧ್ಯಕ್ಷರಿಗೆ ಪತ್ರ ಬರೆಯುತ್ತಿದ್ದೆವು. ಅಧ್ಯಕ್ಷರೆಂದರೆ ಆ ದ್ರಾಕ್ಷಿ ತೋಟದ ಮುದುಕನ ಮೊಮ್ಮಗ, ಪಿಂಪಳಗಾಂವ್ ಬಸವಂತ್‌ನಲ್ಲಿ ಈರುಳ್ಳಿ ವ್ಯಾಪಾರಿ, ಮನೆ ನಮ್ಮ ಕಾಲನಿಯಲ್ಲೇ. ನೀವಿಬ್ಬರೇ ಮಾತಾಡಿ ಮುಗಿಸಿಕೊಳ್ಳಿ ಎನ್ನುವುದಷ್ಟೇ ಅವರ ತೀರ್ಪು.

ಹೋದ ವರ್ಷದ ಚಳಿಗಾಲದಲ್ಲಿ ಹಿಂದಿನ ಗೋಡೆಯಾಚೆ ಒಂದು ಕಟ್ಟಡ ಏಳುತ್ತಿತ್ತು. ಒಂದು ಸಂಜೆ ನೀರಿನ ಪೈಪು ಮೂರನೇ ಸಲ ಕಳಚಿಕೊಂಡು ನನ್ನ ಸೀರೆಯೆಲ್ಲ ನೆನೆಸಿತು. ಸಿಟ್ಟಿನಲ್ಲಿ ಪೈಪಿಗೆ ಕನ್ನಡದಲ್ಲೇ ಬೈಯುತ್ತಿದ್ದೆ. ಗೋಡೆಯ ಮೇಲೆ ಒಂದು ಹೆಂಗಸಿನ ತಲೆ ಕಾಣಿಸಿತು.

"ಅಕ್ಕಾರ, ನಿಮ್ದು ಯಾ ಊರ್ರಿ?"

ಅವಳು ಆಳಂದ ತಾಲೂಕಿನವಳು. ಗಂಡ ಹೆಂಡತಿ ಇಬ್ಬರೂ ಆ ಕಟ್ಟಡದಲ್ಲಿ ಇಟ್ಟಿಗೆ ಹೊರುವ ಕೆಲಸಕ್ಕೆ ಬಂದಿದ್ದರು. ಅಂದಿನಿಂದ ದಿನಾ ಸಂಜೆ ಒಂದು ತಾಸು ತೋಟಕ್ಕೆ ಬರತೊಡಗಿದಳು. ಪೈಪಿನ ಬಾಯಿಗೆ ಹಳೆಯ ಸೈಕಲ್ ಟ್ಯೂಬು ಬಿಗಿದು ಕಟ್ಟಿದಳು, ಮತ್ತೆ ಅದು ಕಳಚಲಿಲ್ಲ. ಊರಿಂದ ಸೆರಗಿನ ತುದಿಗೆ ಗಂಟು ಕಟ್ಟಿಕೊಂಡು ತಂದಿದ್ದ ಪುಂಡಿ ಸೊಪ್ಪಿನ ಬೀಜವನ್ನು ನನ್ನ ಕೇಳದೆಯೇ ಹಿಂದಿನ ಗೋಡೆಯುದ್ದಕ್ಕೂ ಬಿತ್ತಿದಳು. ತಿಂಗಳೊಪ್ಪತ್ತಿನಲ್ಲಿ ನಮ್ಮ ಮನೆಯಲ್ಲಿ ಪುಂಡಿಪಲ್ಯ, ಜೋಳದ ರೊಟ್ಟಿ. ಸುಭೇದಾರರಿಂದ ಅಧ್ಯಕ್ಷರಿಗೆ ಇನ್ನೊಂದು ಪತ್ರ: ಇದು ತೋಟವೋ ಹೊಲವೋ ತೀರ್ಮಾನವಾಗಬೇಕು.

ಮಾರ್ಚಿನಲ್ಲಿ ಸಂಭಾಜಿನಗರದಲ್ಲಿರುವ ನನ್ನ ತಂಗಿಗೆ ಮೊಣಕಾಲಿನ ಆಪರೇಷನ್ ಆಯಿತು. ಒಂದೂವರೆ ತಿಂಗಳು ಅಲ್ಲೇ ಇದ್ದೆ. ಅವಳ ಅಪಾರ್ಟ್‌ಮೆಂಟಿಗೂ ಒಂದು ತೋಟವಿದೆ. ಅದರ ಕೀಲಿಕೈ ಇದ್ದವರು ಪುಣೆಗೆ ಹೋಗಿ ಎರಡು ವರ್ಷವಾಗಿದೆ. ಬೀಗ ಒಡೆಯಲು ಯಾರ ಒಪ್ಪಿಗೆ ಬೇಕೆಂದು ಯಾರಿಗೂ ಗೊತ್ತಿಲ್ಲ. ಗ್ಯಾಲರಿಯಿಂದ ಆ ಒಣಗಿದ ಕ್ರೋಟನ್ ಗಿಡಗಳನ್ನು ನೋಡಿ ನೋಡಿ ನನಗೆ ಕೈ ಕಡಿಯುತ್ತಿತ್ತು. ಇಲ್ಲಿ ಜಗಳವಾದರೂ ಇಲ್ಲವಲ್ಲ ಎಂದಳು ತಂಗಿ. ಮನೆಗೆ ಫೋನ್ ಮಾಡಿ ತೋಟ ಹೇಗಿದೆ ಎಂದಾಗಲೆಲ್ಲ ಯಜಮಾನರು ಚೆನ್ನಾಗಿದೆ ಎನ್ನುತ್ತಿದ್ದರು. ಅವರು ಆ ಕಡೆ ತಿರುಗಿಯೂ ನೋಡಿಲ್ಲ ಎಂಬುದು ಅದರರ್ಥ ಎಂದು ನನಗೆ ಹೊಳೆಯಬೇಕಿತ್ತು.

ಮರಳಿ ಬಂದ ಮಧ್ಯಾಹ್ನ ಗೇಟು ತೆಗೆದೆ. ತೋಟದ ತುಂಬ ಹಸಿರು, ಕಣ್ಣಿಗೆ ಚುಚ್ಚುವಂಥ ಹಸಿರು. ಕಾದ ರಬ್ಬರಿನ ವಾಸನೆ. ಬಗ್ಗಿ ಮುಟ್ಟಿದೆ, ಪ್ಲಾಸ್ಟಿಕ್. ಗೋಡೆಯಿಂದ ಗೋಡೆಗೆ ಪ್ಲಾಸ್ಟಿಕ್ ಹುಲ್ಲು ಹಾಸಿದ್ದರು. ಬೇವೊಂದನ್ನು ಬಿಟ್ಟು ಕರಿಬೇವಿಲ್ಲ, ಮಲ್ಲಿಗೆಯಿಲ್ಲ, ಪುಂಡಿಯಿಲ್ಲ. ನಟ್ಟನಡುವೆ ಮಾತ್ರ ಒಂದು ಮೊಳ ಚೌಕದಷ್ಟು ನಿಜವಾದ ಹುಲ್ಲು, ಅದೂ ಒಣಗಿತ್ತು.

ಆಳಂದದವಳು ಗೋಡೆಯಾಚೆಯಿಂದ ಎಲ್ಲ ಹೇಳಿದಳು. ಅಧ್ಯಕ್ಷರ ಮಗಳ ನಿಶ್ಚಿತಾರ್ಥ ತೋಟದಲ್ಲೇ ಆಯಿತಂತೆ. ಅದಕ್ಕೆಂದು ಗಿಡ ಕಿತ್ತು ಈ ಹಾಸು ಹಾಕಿಸಿದರಂತೆ. ಸಭೆಯಲ್ಲಿ ಬೇಡವೆಂದವರು ಒಬ್ಬರೇ.

"ಎದುರಮನಿ ಸಾಹೇಬ್ರು ಖುರ್ಚಿ ತಂದು ನಡುವ ಕುಂತ್ರು ನೋಡ್ರಿ. ಮುಂಜಾನಿಂದ ಸಂಜಿತನ ಎದ್ದಿಲ್ಲ. ನಿಮ್ಮ ಕರಿಬೇವು ಕೀಳಾಕ ಹೋದ್ರ ಅದಕ್ಕೂ ಬ್ಯಾಡಂದ್ರು. ಯಾರ್ ಕೇಳ್ತಾರ್ರಿ. ಅವ್ರ ಖುರ್ಚಿ ಸುತ್ತ ಕತ್ತರಿಸಿ ಹಾಸ್ಯಾರ."

ಕೆಲಸದವರು ಹೋದ ಮೇಲೆ ಎದ್ದು, ಖುರ್ಚಿ ಎತ್ತಿಕೊಂಡು ಮನೆಗೆ ಹೋದವರು ಮತ್ತೆ ತೋಟಕ್ಕೆ ಬಂದಿಲ್ಲವಂತೆ.

ನಾನು ಚಪ್ಪಲಿ ಕೂಡ ಬದಲಿಸದೆ ಅಧ್ಯಕ್ಷರ ಮನೆಗೆ ಹೋದೆ. ಅವರು ಚಹಾ ತರಿಸಿದರು. ಇದು ನನ್ನ ಕೊಡುಗೆ, ಇನ್ನು ನೀರು ಬೇಡ, ಮಾಲಿ ಬೇಡ, ನಿಮಗೂ ವಿಶ್ರಾಂತಿ ಎಂದರು. ನಾನು ದನಿ ಏರಿಸಿದಾಗ ಅವರೇನೂ ಕೋಪಿಸಿಕೊಳ್ಳಲಿಲ್ಲ.

"ವಹಿನಿ, ಹನ್ನೊಂದು ವರ್ಷ ಆ ಹುಲ್ಲಿಗಾಗಿ ಜಗಳವಾಡಿದ್ದು ನೀವು ಮತ್ತು ಸುಭೇದಾರ. ನಿಮ್ಮ ಪತ್ರಗಳೇ ಒಂದು ಚೀಲ ಇವೆ. ಜನ ಬೇಸತ್ತು ಕೈ ಎತ್ತಿದರು."

ಚಹಾ ಕುಡಿಯದೆ ಎದ್ದು ಬಂದೆ. ಆ ಮಾತು ನಿಜವಾಗಿತ್ತು.

ಎದುರು ಮನೆಯ ಬಾಗಿಲನ್ನು ಮೊದಲ ಬಾರಿ ತಟ್ಟಿದೆ. ಸುಭೇದಾರರು ಬನಿಯನ್ನಿನ ಮೇಲೆ ಅಂಗಿ ಏರಿಸಿಕೊಳ್ಳುತ್ತ ಬಾಗಿಲು ತೆಗೆದರು. ಹಿಂದಿಯಲ್ಲಿ, "ನೀವು ಇರಬೇಕಿತ್ತು. ಎರಡು ಖುರ್ಚಿ ಆಗುತ್ತಿದ್ದವು," ಎಂದರು.

ನನಗೆ ಅಳು ಬಂತು. ಅದು ಅವರಿಗೆ ಕಾಣಬಾರದೆಂದು, ನಿಮ್ಮ ಹುಲ್ಲಿಗೆ ಕಟ್ಟಿದ್ದ ಹಗ್ಗ ಎಲ್ಲಿ ಹೋಯಿತು ಎಂದು ಕೇಳಿದೆ.

ಹಾಸು ತೆಗೆಸುವ ನಮ್ಮಿಬ್ಬರ ಕೆಲಸವನ್ನು ಮೇ ತಿಂಗಳು ಹಗುರ ಮಾಡಿತು. ಆ ಪ್ಲಾಸ್ಟಿಕ್ ಬಿಸಿಲಿಗೆ ಹಂಚಿನಂತೆ ಕಾಯುತ್ತಿತ್ತು. ಬರಿಗಾಲಲ್ಲಿ ಓಡಿದ ಒಂದು ಪುಟ್ಟ ಹುಡುಗಿಯ ಅಂಗಾಲಿಗೆ ಬೊಬ್ಬೆ ಬಂತು. ಹಾಸು ಬೇಕೆಂದು ಕೈ ಎತ್ತಿದ್ದ ತಾಯಂದಿರೇ ನನ್ನ ಮನೆಗೆ ಬಂದು, ಇದೇನು ಮಾಡಿಟ್ಟಿದ್ದೀರಿ ಎಂದು ನನ್ನನ್ನೇ ಕೇಳಿದರು. ಬಾಯಿಗೆ ಬಂದದ್ದನ್ನು ನುಂಗಿಕೊಂಡು ಒಂದು ಕಾಗದ ಮುಂದಿಟ್ಟು ಸಹಿ ಹಾಕಿಸಿಕೊಂಡೆ.

ಸಭೆ ಕರೆದರು. ಸುಭೇದಾರರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ತಮ್ಮ ಮನೆಯ ಕ್ರಯಪತ್ರ ಹಿಡಿದು ಬಂದರು. ನಡುವಿನ ಜಾಗದಲ್ಲಿ ಮರಗಿಡ ಬೆಳೆಸಿಕೊಂಡು ಹೋಗಬೇಕು, ಮಣ್ಣನ್ನು ಮುಚ್ಚಕೂಡದು ಎಂದು ಅದರಲ್ಲೇ ಬರೆದಿತ್ತು. ಅದೇ ಪತ್ರ ನಲವತ್ತೂ ಮನೆಗಳ ಕಪಾಟಿನಲ್ಲಿತ್ತು. ನನ್ನನ್ನೂ ಸೇರಿಸಿ ಒಬ್ಬರೂ ಓದಿರಲಿಲ್ಲ, ಸುಭೇದಾರರೂ ಓದಿದ್ದು ಹಾಸು ಬಿದ್ದ ಮೇಲೆಯೇ. ಅಧ್ಯಕ್ಷರು ಪತ್ರವನ್ನು ಕೈಗೆ ತೆಗೆದುಕೊಂಡು ಕೊನೆಯ ಪುಟದಲ್ಲಿದ್ದ ತಮ್ಮ ಅಜ್ಜನ ಸಹಿಯನ್ನು ಬಹಳ ಹೊತ್ತು ನೋಡಿದರು. ಕಿತ್ತುಹಾಕಿ, ಆದರೆ ನೀವೇ ಕಿತ್ತುಹಾಕಿ ಎಂದರು.

ಸಹಿ ಹಾಕಿದವರು ಮೂವತ್ತೊಂದು ಮನೆಯವರು. ಭಾನುವಾರ ಬಂದವರು ಆರು ಜನ. ಆಳಂದದವಳು ಗಂಡನನ್ನೂ ಇನ್ನಿಬ್ಬರನ್ನೂ ಕರೆತರದಿದ್ದರೆ ಆ ಹಾಸು ಇನ್ನೂ ಅಲ್ಲೇ ಇರುತ್ತಿತ್ತು. ಅಂಟಿಸಿದ್ದನ್ನು ಗುದ್ದಲಿಯಿಂದ ಕಿತ್ತು ಸುರುಳಿ ಸುತ್ತಿದರು. ನಮ್ಮ ತಗಡಿನ ಶೆಡ್ಡಿನ ನೆಲಕ್ಕೆ ಹಾಸಿಕೊಳ್ಳುತ್ತೇವೆ ಎಂದು ಕೇಳಿ ಒಯ್ದರು. ಕೆಳಗಿನ ಮಣ್ಣು ಕಲ್ಲಾಗಿತ್ತು. ಅರ್ಧ ಅಗೆಯುವುದರೊಳಗೆ ಮಳೆ ಹಿಡಿಯಿತು. ಉಳಿದರ್ಧವನ್ನು ಮಳೆಯೇ ಮೆತ್ತಗೆ ಮಾಡಿತು.

ಅವಳ ಕಟ್ಟಡ ಮುಗಿದು, ದಿಂಡೋರಿ ಕಡೆ ಕೆಲಸ ಸಿಕ್ಕು ಹೊರಟಳು. ಹೋಗುವ ಮುನ್ನ ಗೋಡೆಯ ಬುಡವನ್ನು ಮತ್ತೆ ಹದ ಮಾಡಿ ಪುಂಡಿ ಬಿತ್ತಿದ್ದಳು. ಕುಡಿ ಚಿವುಟಿರಿ, ಇಲ್ಲಾಂದ್ರ ಉದ್ದಕ ಹೋಗ್ತದ ಎಂದು ಆಗಾಗ ಫೋನಿನಲ್ಲಿ ನೆನಪಿಸುತ್ತಾಳೆ.

ಈಗ ಭಾನುವಾರ ಒಮ್ಮೆ ಏಳು ಜನ ಬರುತ್ತಾರೆ, ಒಮ್ಮೆ ನಾಲ್ಕು. ಅಧ್ಯಕ್ಷರು ಎಲ್ಲ ಮುಗಿದ ಮೇಲೆ ಬಂದು ಎಲ್ಲಿ ಏನು ನೆಡಬೇಕಿತ್ತು ಎಂದು ತೋರಿಸಿ ಹೋಗುತ್ತಾರೆ. ಹುಲ್ಲು ತೇಪೆ ತೇಪೆಯಾಗಿ ಬಂದಿದೆ. ಹೊಸ ಕರಿಬೇವನ್ನು ಸುಭೇದಾರರು ನೂಲು ಹಿಡಿದು ಅಳೆದು, ನಾನು ಹೇಳಿದ ಜಾಗದಿಂದ ಎರಡಡಿ ಆಚೆ ನೆಟ್ಟರು. ಕಿತ್ತು ಈಚೆ ನೆಡಬೇಕೆಂದಿದ್ದೆ, ಬೇರು ಹಿಡಿದಿದೆ, ಬಿಟ್ಟಿದ್ದೇನೆ. ಹುಲ್ಲಿನ ಸುತ್ತ ಹಗ್ಗ ಕಟ್ಟುವುದು ಬೇಡವೆಂದು ಮಾತ್ರ ಖಡಾಖಂಡಿತ ಹೇಳಿದ್ದೇನೆ. ಸುಭೇದಾರರು ದಸರೆವರೆಗೆ ಕಾದು ನೋಡುತ್ತೇನೆ ಎಂದಿದ್ದಾರೆ. ಪತ್ರ ಬರೆಯುವುದಿಲ್ಲ ಎಂದೂ ಹೇಳಿದ್ದಾರೆ.