ಲ್ಯಾಬಿನಲ್ಲೇ ಇದ್ದ ಮದ್ದು

ಎಡಗಾಲು ಜೋಮು ಹಿಡಿದಿದೆ ಅಂತ ನಮ್ಮ ಯಜಮಾನರು ಬೆಳಿಗ್ಗೆ ಎದ್ದವರೇ ಹೇಳಿದರು. ಎಣ್ಣೆ ಕಾಯಿಸಿ ತಿಕ್ಕಿದೆ. ಮಧ್ಯಾಹ್ನಕ್ಕೆ ಪಾದ ಬೆಳ್ಳಗಾಯಿತು. ಸಂಜೆಗೆ ನೀಲಿ. ಜಟಕಾದಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಹೋದೆ. ಡಾಕ್ಟರು ಸೂಜಿ ಚುಚ್ಚಿದರೂ ಇವರಿಗೆ ಗೊತ್ತಾಗಲಿಲ್ಲ.

ರಕ್ತನಾಳದಲ್ಲಿ ಕ್ಲಾಟ್ ಅಂದರು.

ಕ್ಲಾಟ್ ಅಂದರೆ ರಕ್ತ ಹೆಪ್ಪುಗಟ್ಟುವುದು ಅಂತ ನನಗೆ ಗೊತ್ತಿತ್ತು. ಇವರು ತುಮಕೂರಿನ ಕಾಲೇಜೊಂದರ ಲ್ಯಾಬಿನಲ್ಲಿ ಅಟೆಂಡರ್. ಅಲ್ಲಿನ ಮೇಷ್ಟ್ರು ಹಾವಿನ ವಿಷದಲ್ಲಿ ಹೆಪ್ಪುಗಟ್ಟಿದ ರಕ್ತ ಕರಗಿಸುವ ಎನ್‌ಝೈಮು ಹುಡುಕುತ್ತಿದ್ದರು. ಕುಣಿಗಲ್ ಕಡೆಯವನೊಬ್ಬ ಕೊಳಕುಮಂಡಲ ಹಿಡಿದು ತರುತ್ತಿದ್ದ. ಇವರು ಅದರ ತಲೆ ಒತ್ತಿ ಹಿಡಿದು ಗಾಜಿನ ಬಟ್ಟಲಿಗೆ ವಿಷ ಕಕ್ಕಿಸುತ್ತಿದ್ದರು. ಒಣಗಿದರೆ ಹಳದಿ ಸಕ್ಕರೆಯ ಹಾಗೆ ಇರುತ್ತದಂತೆ. ಅದನ್ನು ನೀರಿನಲ್ಲಿ ಕರಗಿಸಿ, ಗಾಜಿನ ಕೊಳವೆಯಲ್ಲಿ ಇಳಿಸಿ, ಪಾಲು ಪಾಲಾಗಿ ಬೇರೆ ಮಾಡಿ, ಗಟ್ಟಿಯಾದ ರಕ್ತದ ಮೇಲೆ ಹನಿಸಿದರೆ ಒಂದು ಪಾಲಿಗೆ ಮಾತ್ರ ಗಟ್ಟಿ ನೀರಾಗುತ್ತಿತ್ತಂತೆ. ಊಟಕ್ಕೆ ಕೂತಾಗಲೇ ಇದನ್ನೆಲ್ಲ ಹೇಳುವುದು. ನನಗೆ ತುತ್ತು ಇಳಿಯುತ್ತಿರಲಿಲ್ಲ.

ಕಾಲು ತೆಗೆಯದಿದ್ದರೆ ಜೀವ ಉಳಿಯುವುದಿಲ್ಲ ಅಂದರು ಡಾಕ್ಟರು.

ಇವರು ಒಪ್ಪಲಿಲ್ಲ.

"ನಮ್ ಲ್ಯಾಬಲ್ಲೇ ಐತಲ್ಲೇ ಕರಗ್ಸೋದು. ಮೇಷ್ಟ್ರನ್ನ ಕೇಳ್ಕೊಂಡು ಬಾ."

ಗುಬ್ಬಿಯಿಂದ ಬಂದಿದ್ದ ನಾದಿನಿ, ಇದು ಹಾವಿನ ಶಾಪ, ಹುತ್ತಕ್ಕೆ ಹಾಲೆರೆಯೋಣ ಅಂತ ಹಟ ಹಿಡಿದಳು.

"ಹಾಲು ಎರೆಯೋದು ನಾಗಪ್ಪಂಗೆ ಕಣೇ. ಕೊಳಕುಮಂಡ್ಲ ಕಂಡ್ರೆ ನಿಮ್ಮನೇಲಿ ದೊಣ್ಣೆ ತಗೊಳಲ್ವಾ? ಬಡಿದು ಸಾಯ್ಸಿದ್ರೆ ಇಲ್ದಿರೋ ಶಾಪ, ವಿಷ ಕರೆದ್ರೆ ಬತ್ತದಾ?" ಅಂದೆ.

ಅವಳು ಹುತ್ತಕ್ಕೆ ಹೋದಳು. ನಾನು ಲ್ಯಾಬಿಗೆ ಹೋದೆ.

ಮದ್ದು ಕೇಳಿದ್ದಕ್ಕೆ ಮೇಷ್ಟ್ರು ಒಂದು ತಟ್ಟೆಯ ಮೇಲಿನ ಬಟ್ಟೆ ಸರಿಸಿದರು. ಬಿಳಿ ಇಲಿಗಳು. ಸತ್ತಿದ್ದವು. ಮೂಗಲ್ಲಿ, ಕಣ್ಣಂಚಿನಲ್ಲಿ ರಕ್ತ.

"ಕರಗಿಸೋದು ಸಿಕ್ಕಿದೆ, ಅಮ್ಮ. ಕೊಲ್ಲೋದೂ ಅದರ ಜೊತೆ ಅಂಟ್ಕೊಂಡೇ ಬರ್ತಿದೆ. ಇನ್ನೂ ಬಿಡಿಸೋಕೆ ಆಗಿಲ್ಲ."

"ನಿಮ್ಮಪ್ಪಂಗಾಗಿದ್ರೆ ಕೊಡ್ತಿದ್ರಾ?"

"ಕೊಡ್ತಿರ್ಲಿಲ್ಲ."

ವಾಪಸ್ ಬರುವ ಹೊತ್ತಿಗೆ ಇವರಿಗೆ ಜ್ವರ ಏರಿ ಪ್ರಜ್ಞೆ ತಪ್ಪಿತ್ತು. ಒಪ್ಪಿಗೆ ನಾನೇ ಕೊಡಬೇಕಿತ್ತು. ನನಗೆ ಬರೆಯಲು ಬರುವುದು ನನ್ನ ಹೆಸರೊಂದೇ. ಬರೆದುಕೊಟ್ಟೆ.

ಕಾಲು ಹೋಯಿತು.

ಎಚ್ಚರವಾದ ಮೇಲೆ ಇವರು ನನ್ನ ಮುಖ ನೋಡಲಿಲ್ಲ. ಇಲಿಗಳ ವಿಷಯ ಹೇಳಿದೆ. ನಂಬಿದರೋ ಇಲ್ಲವೋ. ಈಗ ಶೆಟ್ಟಿಹಳ್ಳಿಯ ಮನೆಯ ಬಾಗಿಲಲ್ಲಿ ಕೂತು, ಇಲ್ಲದ ಪಾದ ಕಡಿಯುತ್ತದೆ ಅಂತ ಗಾಳಿ ಕೆರೆಯುತ್ತಾರೆ. ನನಗೋ, ಮಜ್ಜಿಗೆ ಮೇಲೆ ಬೆಣ್ಣೆ ಮುದ್ದೆ ತೇಲಿದರೂ ಆ ಬಿಳಿ ಇಲಿಗಳ ತಟ್ಟೆಯೇ ಕಾಣುತ್ತದೆ. ಕೈ ಹಿಂದಕ್ಕೆ ಬರುತ್ತದೆ.

ಹೋದ ವಾರ ಮೇಷ್ಟ್ರು ಬಂದಿದ್ದರು. ಕರಗಿಸೋದು, ಕೊಲ್ಲೋದು ಎರಡೂ ಬೇರೆಯಾದವಂತೆ. ಅದನ್ನು ಕೊಟ್ಟ ಇಲಿ ಬದುಕಿದೆಯಂತೆ. ಮನುಷ್ಯರಿಗೆ ಕೊಡಲು ಇನ್ನೂ ಎಷ್ಟೋ ವರ್ಷ ಬೇಕಂತೆ.

"ಇಲಿ ಕಾಳು ತಿಂತೈತಾ ಸಾರ್?" ಅಂದರು ಇವರು.

ತಿನ್ನುತ್ತಿದೆ ಅಂದರು ಮೇಷ್ಟ್ರು.

ಇವರು ನಕ್ಕರು. ಆಮೇಲೆ ನನ್ನ ಕಡೆ ತಿರುಗಿ, ನನ್ನ ಮುಖ ನೋಡಿ, ಮೇಷ್ಟ್ರಿಗೆ ಕಾಫಿ ಕೊಡು ಅಂದರು.

ಅಷ್ಟು ಸಾಕು ನನಗೆ. ಇಲಿ ಬದುಕಿದ್ದೂ ಒಳ್ಳೆಯದೇ. ಆದರೂ ಒಳಗೆ ಕಾಫಿ ಸೋಸುವಾಗ ಆ ಇಲಿಯ ಮೇಲೆ ಹೊಟ್ಟೆ ಉರಿಯಿತು.